ಕಂಡರೂ ಪರಾಂಬರಿಸಿ ನೋಡು

ಭೂಪಟವನ್ನು ಹರಡಿ, ಅದರ ಮೇಲೆ ಮುಂಬಯಿಯಿಂದ ಬಳ್ಳಾರಿಗೆ ಒಂದು ನೇರವಾದ ಗೆರೆಯನ್ನೆಳೆದರೆ, ಆ ಗೆರೆಯು ಕಲಾದಗಿಯ ಸೀಮೆಯನ್ನು ಓರೆಯಾಗಿ ಹಾಯ್ದು ಹೋಗುತ್ತದೆ. ಕೃಷ್ಣೆ ಘಟಪ್ರಭೆಗಳು ಕೂಡುವ ನೆರೆಯಲ್ಲಿ ನೀರನ್ನು ದಾಟಿ, ಬಾಗಲಕೋಟೆಯನ್ನು ತುಸು ಬಲಕ್ಕೆ ಬಿಟ್ಟು, ಮಲಪ್ರಭೆಯನ್ನು ಹಾರಿ, ಹುನಗುಂದ ಇಳಕಲ್ಲುಗಳನ್ನು ಎಡಗೈಗೆ ಸಮೀಪವಾಗಿಟ್ಟುಕೊಂಡು ಅದು ತುಂಗಭದ್ರೆಯ ಕಡೆಗೆ ಇಳಿಯುತ್ತದೆ. ನೆಲದ ಮೇಲೆ ಈ ಗೆರೆಗೆ ಯಾವ ಗುರುತೂ ಇಲ್ಲ. ಎರೆಹೊಲದಲ್ಲಿ ಬಿಳಿಜೋಳಕ್ಕೆ ಕಾವಲು ಕುಳಿತವನಿಗೂ, ಬಾದಾಮಿಯ ಕೆಂಪುಬಂಡೆಗಳ ನೆರಳಿನಲ್ಲಿ ಕುರಿ ಮೇಯಿಸುವವನಿಗೂ ಅದು ಕಾಣುವುದಿಲ್ಲ. ಆದರೆ ಭಾರತದ ವಿಮಾನಸಂಚಾರದ ಕಥೆಯಲ್ಲಿ ಆ ಗೆರೆಗೆ ಒಂದು ಸ್ಥಾನವಿದೆ.

1932ನೆಯ ಇಸವಿಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯ ಚೀಲವನ್ನು ಹೊತ್ತು, ಅಹಮದಾಬಾದಿನ ಮಾರ್ಗವಾಗಿ, ಪುಸ್ ಮಾತ್ ಎಂಬ ಚಿಕ್ಕ ವಿಮಾನದಲ್ಲಿ ಮುಂಬಯಿಗೆ ಬಂದಿಳಿದರು. ಅಲ್ಲಿಂದ ಮುಂದಕ್ಕೆ ಬಳ್ಳಾರಿಯ ಮೇಲೆ ಮದರಾಸಿಗೆ ಅಂಚೆಯನ್ನು ಮುಟ್ಟಿಸುವ ಹೊಣೆ ಅವರ ಜೊತೆಗಾರನಾದ ನೆವಿಲ್ ವಿನ್ಸೆಂಟನದಾಗಿತ್ತು. ಮುಂದೆ ಏರ್ ಇಂಡಿಯಾ ಎಂದು ಬೆಳೆದ ಸಂಸ್ಥೆ ಕಣ್ಣು ತೆರೆದದ್ದು ಹೀಗೆ. ಆ ವಿಮಾನಗಳಲ್ಲಿ ರೇಡಿಯೋ ಇರಲಿಲ್ಲ. ನೆಲದಿಂದ ದಾರಿ ಹೇಳುವವರೂ ಇರಲಿಲ್ಲ. ತೊಡೆಯ ಮೇಲೆ ಹರಡಿದ ನಕ್ಷೆ, ಎದುರಿಗೊಂದು ದಿಕ್ಸೂಚಿ, ಕೈಯಲ್ಲೊಂದು ಗಡಿಯಾರ: ಇಷ್ಟೇ ವೈಮಾನಿಕನ ಬಂಡವಾಳ. ಉಳಿದುದೆಲ್ಲ ಕಣ್ಣಿನ ಕೆಲಸ. ನದಿ ಬಂದರೆ ನದಿ, ರೈಲುದಾರಿ ಬಂದರೆ ರೈಲುದಾರಿ, ಗುಡ್ಡದ ಮೇಲೆ ಕೋಟೆ ಕಂಡರೆ ಕೋಟೆ; ಕೆಳಗಿನದನ್ನು ನೋಡಿ ನಕ್ಷೆಯೊಡನೆ ಹೋಲಿಸುವುದು, ಹೋಲದಿದ್ದರೆ ಚಿಂತಿಸುವುದು.

ಆ ಕಾಲದ ವೈಮಾನಿಕನು ದಾರಿ ತಪ್ಪುತ್ತಿರಲಿಲ್ಲವೆಂದಲ್ಲ. ಮೋಡ ಕವಿದರೆ, ಸಂಜೆಯಾದರೆ, ಗಾಳಿ ಪಕ್ಕಕ್ಕೆ ತಳ್ಳಿದರೆ ಅವನು ಧಾರಾಳವಾಗಿ ತಪ್ಪುತ್ತಿದ್ದನು. ಆದರೆ ತಪ್ಪಿದಾಗ, ತಾನು ತಪ್ಪಿದ್ದೇನೆಂಬ ಅರಿವು ಬಹುಮಟ್ಟಿಗೆ ಅವನಿಗೆ ಬೇಗನೆ ಆಗುತ್ತಿತ್ತು. ಬರಬೇಕಾದ ನದಿ ಬರಲಿಲ್ಲವೆಂದರೆ ಎದೆ ನಡುಗುತ್ತಿತ್ತು. ಆ ನಡುಕವೇ ಅವನ ರಕ್ಷಕನೂ ಆಗಿತ್ತು. ಇಂದಿನ ವೈಮಾನಿಕನ ಸಂಕಟ ಬೇರೆ ಬಗೆಯದು. ಅವನು ದಾರಿ ತಪ್ಪಿರುವಾಗಲೂ, ಎದುರಿನ ಗಾಜಿನ ಫಲಕವು ನೀನು ಸರಿಯಾದ ದಾರಿಯಲ್ಲಿಯೇ ಇದ್ದೀಯೆ ಎಂದು ಬಣ್ಣಬಣ್ಣದ ಗೆರೆಗಳಲ್ಲಿ ಧೈರ್ಯ ಹೇಳುತ್ತಿರಬಹುದು. ತಿಳಿಯದಿರುವುದು ಒಂದು ಕಷ್ಟ. ತಪ್ಪಾಗಿ ತಿಳಿದಿರುವುದು ಅದಕ್ಕಿಂತ ದೊಡ್ಡ ಕಷ್ಟ.

ಆ ಫಲಕವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಇಂದಿನ ಪ್ರಯಾಣಿಕ ವಿಮಾನದಲ್ಲಿ ಇಬ್ಬರು ಚಾಲಕರು ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ಇಬ್ಬರ ಎದುರಿಗೂ ಒಂದೊಂದು ಚಲಿಸುವ ನಕ್ಷೆ. ಅದರಲ್ಲಿ ವಿಮಾನದ ಚಿಕ್ಕ ಗುರುತು ನಿಂತಲ್ಲಿಯೇ ನಿಂತಿರುತ್ತದೆ. ಊರುಗಳೂ ದಾರಿಯ ತಿರುವುಗಳೂ ಬೆಟ್ಟಗಳೂ ಮೇಲಿನಿಂದ ಕೆಳಕ್ಕೆ ಸರಿಯುತ್ತ ಬರುತ್ತವೆ. ಹೋಗಬೇಕಾದ ದಾರಿಯನ್ನು ಕೆನ್ನೀಲಿ ಕೆಂಪು ಬೆರೆತ ಒಂದು ಗೆರೆ ತೋರಿಸುತ್ತದೆ. ಸ್ವಯಂಚಾಲಕ ಯಂತ್ರವು ಆ ಗೆರೆಯನ್ನು ಹಿಡಿದು ವಿಮಾನವನ್ನು ನಡೆಸುತ್ತದೆ. ನೋಡುವುದಕ್ಕೆ ಇದಕ್ಕಿಂತ ಸುಲಭವಾದುದು ಬೇರೆ ಇಲ್ಲ. ಆದರೆ ಈ ನಕ್ಷೆಗೆ ಕಣ್ಣಿಲ್ಲ ಎಂಬುದನ್ನು ಮರೆಯಬಾರದು. ಅದು ನೆಲವನ್ನು ನೋಡಿ ಬರೆದ ಚಿತ್ರವಲ್ಲ. ಗಣಕಯಂತ್ರವು ಕೇಳಿದ ಮಾತುಗಳಿಂದ ಕಲ್ಪಿಸಿಕೊಂಡ ಚಿತ್ರ.

ಆ ಮಾತುಗಳು ಮೂರು ಕಡೆಯಿಂದ ಬರುತ್ತವೆ. ಮೊದಲನೆಯದು ವಿಮಾನದ ಒಡಲಿನೊಳಗೇ ಇರುವ ಜಡತ್ವಯಂತ್ರ. ಹೊರಟ ಸ್ಥಳ ಇದು ಎಂದು ಅದಕ್ಕೆ ಒಮ್ಮೆ ಹೇಳಿಬಿಟ್ಟರೆ ಸಾಕು, ಮುಂದೆ ಪ್ರತಿಯೊಂದು ತಿರುವನ್ನೂ ವೇಗದ ಏರಿಳಿತವನ್ನೂ ತಾನೇ ಅಳೆದು ಕೂಡಿಸುತ್ತ, ಇಷ್ಟು ದೂರ ಇಂಥ ದಿಕ್ಕಿಗೆ ಬಂದೆವು ಎಂದು ಲೆಕ್ಕ ಹೇಳುತ್ತದೆ. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸಿ ಮನೆ ಸೇರುವವನ ವಿದ್ಯೆ ಇದು. ಹೆಜ್ಜೆಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಪಿಸುಕು ಸೇರಿ, ಗಂಟೆಗೊಂದು ಅಥವಾ ಎರಡು ಮೈಲಿನವರೆಗೆ ವ್ಯತ್ಯಾಸ ಬರಬಹುದು. ಎರಡನೆಯದು ನೆಲದ ಮೇಲಿನ ರೇಡಿಯೋ ದೀಪಸ್ತಂಭಗಳು. ತಮ್ಮಿಂದ ವಿಮಾನ ಯಾವ ದಿಕ್ಕಿಗಿದೆ, ಎಷ್ಟು ದೂರವಿದೆ ಎಂಬುದನ್ನು ತಿಳಿಸುತ್ತವೆ. ಮೂರನೆಯದು ಜಿ.ಪಿ.ಎಸ್. ಎಂದು ಹೆಸರಾದ ಉಪಗ್ರಹಗಳ ಗುಂಪು. ಸುಮಾರು 20,000 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ಎಡೆಬಿಡದೆ ಕಾಲವನ್ನು ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಸಾರಿಕೆ ಕಿವಿಗೆ ಬಿದ್ದರೆ, ಅವು ತಲುಪಲು ತೆಗೆದುಕೊಂಡ ಹೊತ್ತಿನ ಅಂತರದಿಂದ ವಿಮಾನವು ತನ್ನ ಸ್ಥಳವನ್ನು ಕೆಲವೇ ಮೀಟರುಗಳ ಅಂತರದಲ್ಲಿ ಗುರುತಿಸಿಕೊಳ್ಳುತ್ತದೆ.

ಮೂರೂ ಒಂದೇ ಮಾತನ್ನು ಹೇಳುವವರೆಗೆ ಯಾರಿಗೂ ಚಿಂತೆಯಿಲ್ಲ. ಒಂದು ಬೇರೆ ಮಾತು ಹೇಳಿದ ಕ್ಷಣದಲ್ಲಿ ಚಾಲಕನ ನಿಜವಾದ ಉದ್ಯೋಗ ಆರಂಭವಾಗುತ್ತದೆ. 'ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು' ಎಂದು ಹಿರಿಯರು ಹೇಳಿದ ಗಾದೆ ಚಾಲಕರ ಕೋಣೆಯಲ್ಲಿ ಪಡೆಯುವಷ್ಟು ಬೆಲೆಯನ್ನು ಬೇರೆಲ್ಲಿಯೂ ಪಡೆಯಲಾರದು. ಅಲ್ಲಿ ಪರಾಂಬರಿಸದೆ ನಂಬಿದ ಒಂದು ನಿಮಿಷಕ್ಕೆ ಇನ್ನೂರು ಮುನ್ನೂರು ಪ್ರಾಣಗಳು ಬೆಲೆ ತೆತ್ತದ್ದುಂಟು.

ಅಂತಹ ಒಂದು ನಿಮಿಷವನ್ನು ಮುಂಬಯಿ ನಗರ ಕಂಡಿದೆ. ಬಾಗಲಕೋಟೆ ಬಾದಾಮಿಗಳು 1956ರವರೆಗೆ ಯಾವ ಪ್ರಾಂತದಲ್ಲಿದ್ದವೋ ಆ ಪ್ರಾಂತದ ರಾಜಧಾನಿ ಅದು. 1978ನೆಯ ಇಸವಿಯ ಹೊಸ ವರ್ಷದ ಮೊದಲ ರಾತ್ರಿ. ಏರ್ ಇಂಡಿಯಾದ ಮೊದಲನೆಯ ಜಂಬೋ ವಿಮಾನವಾದ 'ಸಾಮ್ರಾಟ್ ಅಶೋಕ' ಸಾಂತಾಕ್ರೂಜ್ ನಿಲ್ದಾಣದಿಂದ ದುಬಾಯಿಗೆ ಹೊರಟಿತ್ತು. ಒಳಗೆ 190 ಮಂದಿ ಪ್ರಯಾಣಿಕರು, 23 ಮಂದಿ ಸಿಬ್ಬಂದಿ. ವಿಮಾನ ನೆಲ ಬಿಟ್ಟು, ಕಡಲಂಚನ್ನು ದಾಟಿ, ಗೊತ್ತುಪಡಿಸಿದಂತೆ ಬಲಕ್ಕೆ ಸ್ವಲ್ಪ ತಿರುಗಿ, ಮತ್ತೆ ಸಮವಾಯಿತು. ಕೆಳಗೆ ಅರಬ್ಬೀ ಸಮುದ್ರ, ಮೇಲೆ ಆಕಾಶ. ಎರಡೂ ಒಂದೇ ಕಪ್ಪು. ದಿಗಂತದ ಗೆರೆ ಕಣ್ಣಿಗೆ ಸಿಕ್ಕುವಂತಿರಲಿಲ್ಲ.

ಇಂತಹ ಕತ್ತಲೆಗೆಂದೇ ಕೃತಕ ದಿಗಂತವೆಂಬ ಉಪಕರಣವಿದೆ. ಅದು ದಾರಿಯನ್ನು ತೋರಿಸುವ ಫಲಕವಲ್ಲ. ವಿಮಾನ ಯಾವ ಕಡೆಗೆ ವಾಲಿದೆ, ಮೂಗು ಮೇಲಕ್ಕಿದೆಯೋ ಕೆಳಕ್ಕಿದೆಯೋ ಎಂಬುದನ್ನು ಹೇಳುವ ಫಲಕ. ದಾರಿಯ ಫಲಕಕ್ಕೆ ಅದು ಅಣ್ಣನಿದ್ದಂತೆ. ಎರಡೂ ಒಂದೇ ಬಗೆಯ ನಂಬಿಕೆಯನ್ನು ಬೇಡುತ್ತವೆ. ಆ ರಾತ್ರಿ ಕಪ್ತಾನನ ಎದುರಿನ ಕೃತಕ ದಿಗಂತ ಕೆಟ್ಟಿತು. ವಿಮಾನ ಸಮವಾದ ಮೇಲೂ ಅದು ಬಲಕ್ಕೆ ವಾಲಿರುವಂತೆಯೇ ತೋರಿಸುತ್ತ ನಿಂತುಬಿಟ್ಟಿತು. ಬಲಕ್ಕೆ ವಾಲಿದ್ದನ್ನು ಸರಿಪಡಿಸಬೇಕೆಂದು ಕಪ್ತಾನನು ಎಡಕ್ಕೆ ತಿರುಗಿಸಿದನು. ಸಮವಾಗಿದ್ದ ವಿಮಾನ ಎಡಕ್ಕೆ ವಾಲಿತು. ಫಲಕ ಮಾತ್ರ ಬದಲಾಗಲಿಲ್ಲ. ಅವನು ಇನ್ನೂ ಎಡಕ್ಕೆ ತಿರುಗಿಸಿದನು.

ಆ ಕೋಣೆಯಲ್ಲಿ ಕೃತಕ ದಿಗಂತಗಳು ಒಂದಲ್ಲ, ಮೂರು ಇದ್ದವು. ಕಪ್ತಾನನದೊಂದು, ಸಹಚಾಲಕನದೊಂದು, ಇಬ್ಬರಿಗೂ ಕಾಣುವಂತೆ ನಡುವೆ ಆಪತ್ತಿಗೆಂದು ಇಟ್ಟ ಚಿಕ್ಕದೊಂದು. ತನ್ನ ಉಪಕರಣ ತಪ್ಪಿತೆಂಬ ಅನುಮಾನ ಕಪ್ತಾನನಿಗೆ ಬಂತು. ಅದನ್ನು ಬಾಯಿ ಬಿಟ್ಟೂ ಹೇಳಿದನು. ಆದರೆ ಸಹಚಾಲಕನಿಂದ ಬಂದ ಉತ್ತರ ಇದು ಸರಿ ಅದು ತಪ್ಪು ಎಂದು ಖಚಿತವಾಗಿ ಬಿಡಿಸಿ ಹೇಳುವಂತಿರಲಿಲ್ಲ. ಹಿಂದೆ ಕುಳಿತಿದ್ದ ಇಂಜಿನಿಯರು ಮಾತ್ರ ನಿಜಸ್ಥಿತಿಯನ್ನು ಕಂಡು, ಆ ಉಪಕರಣವನ್ನು ನೋಡಬೇಡಿ, ಈ ಕಡೆಯದನ್ನು ನೋಡಿ ಎಂಬ ಅರ್ಥದಲ್ಲಿ ಕೂಗಿ ಹೇಳಲು ಯತ್ನಿಸಿದನು. ಹೊತ್ತು ಮೀರಿತ್ತು. ನೆಲ ಬಿಟ್ಟ 101 ಸೆಕೆಂಡುಗಳಲ್ಲಿ ಆ ಭಾರಿ ವಿಮಾನ ಬಾಂದ್ರಾದ ಕಡಲತೀರದಿಂದ ಸುಮಾರು 3 ಕಿಲೋಮೀಟರು ದೂರದಲ್ಲಿ ಸಮುದ್ರಕ್ಕೆ ಬಿತ್ತು. 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಕಪ್ತಾನನ ಉಪಕರಣ ಕೆಟ್ಟುದರಿಂದ ವಿಮಾನದ ನಿಲುವಿನ ಅರಿವು ಅವನಿಗೆ ತಪ್ಪಿತು, ಉಳಿದ ಉಪಕರಣಗಳ ಆಧಾರದಿಂದ ವಿಮಾನವನ್ನು ಹಿಡಿತಕ್ಕೆ ತರಲು ಆಗಲಿಲ್ಲ ಎಂಬುದು ಅದರ ಸಾರ. ಈ ಮಾತನ್ನು ಓದಿದವರು ಕಪ್ತಾನನನ್ನು ಹಳಿಯುವುದು ಸುಲಭ. ಎರಡು ಸರಿಯಾದ ಸಾಕ್ಷಿಗಳು ಮಗ್ಗುಲಲ್ಲಿರುವಾಗ ಒಂದು ಸುಳ್ಳುಸಾಕ್ಷಿಯನ್ನು ಯಾಕೆ ನಂಬಿದನೆಂದು ಕೇಳುವುದು ಸುಲಭ. ಆದರೆ ಅವನ ಕುರ್ಚಿಯಲ್ಲಿ ಕುಳಿತು ಯೋಚಿಸಿದರೆ ಎದೆ ಭಾರವಾಗುತ್ತದೆ. ಸಾವಿರಾರು ಗಂಟೆಗಳ ಹಾರಾಟದಲ್ಲಿ ಒಮ್ಮೆಯೂ ಸುಳ್ಳಾಡದ ಉಪಕರಣ ಅದು. ಕಣ್ಣ ನೇರಕ್ಕೆ ಇರುವುದೂ ಅದೇ. ಯೋಚಿಸಲು ಸಿಕ್ಕಿದ್ದು ಕೆಲವೇ ಸೆಕೆಂಡುಗಳು.

ಹಾಗಾದರೆ ಯಂತ್ರವನ್ನು ಬಿಟ್ಟು ಮೈಯ ಅನುಭವವನ್ನೇ ನಂಬಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಅದು ಇನ್ನೂ ಕೇಡು. ಮನುಷ್ಯನ ಕಿವಿಯೊಳಗಿನ ತೂಕದ ಅಂಗವು ನೆಲದ ಮೇಲೆ ನಡೆಯುವುದಕ್ಕೆಂದು ಆದದ್ದು. ಮೆಲ್ಲಗೆ ವಾಲುತ್ತಿರುವ ವಿಮಾನದಲ್ಲಿ ಅದು ಸಮವಾಗಿದ್ದೇವೆಂದೇ ಹೇಳುತ್ತದೆ. ವಾಲಿದ್ದನ್ನು ಸಮ ಮಾಡಿದರೆ, ಈಗ ಮತ್ತೊಂದು ಕಡೆಗೆ ವಾಲಿದೆವೆಂದು ಗಾಬರಿಪಡಿಸುತ್ತದೆ. ಆದುದರಿಂದ ವಿಮಾನಶಾಲೆಗಳಲ್ಲಿ ಮೊದಲು ಕಲಿಸುವ ಪಾಠವೇ, ಕಣ್ಣಿಗೆ ದಿಗಂತ ಕಾಣದಿರುವಾಗ ಮೈಯನ್ನು ನಂಬಬೇಡ, ಉಪಕರಣವನ್ನು ನಂಬು ಎಂಬುದು. ಎರಡನೆಯ ಪಾಠ, ಯಾವ ಒಂದು ಉಪಕರಣವನ್ನೂ ಒಂಟಿಯಾಗಿ ನಂಬಬೇಡ ಎಂಬುದು. ಮೊದಲನೆಯದನ್ನು ಕಲಿತು ಎರಡನೆಯದನ್ನು ಮರೆತವನಿಗೂ, ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಬಿಟ್ಟವನಿಗೂ ಆಕಾಶದಲ್ಲಿ ಕ್ಷೇಮವಿಲ್ಲ.

ಉಪಕರಣ ಕೆಡುವುದು ಒಂದು ಬಗೆ. ಉಪಕರಣ ಸರಿಯಾಗಿಯೇ ಇದ್ದು, ಅದಕ್ಕೆ ಉಣಿಸಿದ ಮಾತೇ ತಪ್ಪಾಗಿರುವುದು ಇನ್ನೊಂದು ಬಗೆ. 1979ರ ನವೆಂಬರ್ 28ರಂದು ನ್ಯೂಜಿಲೆಂಡಿನಿಂದ ದಕ್ಷಿಣಧ್ರುವದ ಹಿಮಭೂಮಿಯನ್ನು ತೋರಿಸಲು ಪ್ರಯಾಣಿಕರನ್ನು ಕರೆದೊಯ್ದ ವಿಮಾನವೊಂದರ ಕಥೆ ಹೀಗಾಯಿತು. ಅದರ ದಾರಿಯ ಅಕ್ಷಾಂಶ ರೇಖಾಂಶಗಳನ್ನು ನೆಲದ ಮೇಲಿನ ಕಚೇರಿಯಲ್ಲಿ ಹೊರಡುವ ಮುನ್ನ ತಿದ್ದಿದ್ದರು. ಚಾಲಕರಿಗೆ ಆ ತಿದ್ದುಪಡಿಯನ್ನು ತಿಳಿಸಿರಲಿಲ್ಲ. ಕಡಲಿನ ಮೇಲೆ ಹೋಗುತ್ತಿದ್ದೇವೆಂದು ಅವರು ಎಣಿಸಿದ್ದರು. ಗೆರೆ ಎರೆಬಸ್ ಎಂಬ ಬೆಟ್ಟದ ಮೇಲೆಯೇ ಹಾಯ್ದಿತ್ತು. ಬಿಳಿ ಹಿಮ, ಬಿಳಿ ಮೋಡ. ಬೆಟ್ಟ ಕಣ್ಣಿಗೆ ಬೀಳಲಿಲ್ಲ. 257 ಮಂದಿ ಸತ್ತರು. 1995ರ ಡಿಸೆಂಬರ್ 20ರ ರಾತ್ರಿ ಕೊಲಂಬಿಯಾ ದೇಶದ ಕಾಲಿ ನಗರದ ಸಮೀಪದಲ್ಲಿ ಮತ್ತೊಂದು. ರೋಜೋ ಎಂಬ ರೇಡಿಯೋ ದೀಪದ ಕಡೆಗೆ ಹೋಗಬೇಕೆಂದು ಚಾಲಕರು ಗಣಕಯಂತ್ರದಲ್ಲಿ ಇಂಗ್ಲಿಷಿನ ಆರ್ ಎಂಬ ಒಂದೇ ಅಕ್ಷರವನ್ನು ಒತ್ತಿದರು. ಯಂತ್ರದ ಪಟ್ಟಿಯಲ್ಲಿ ಆ ಅಕ್ಷರಕ್ಕೆ ದೊರೆತದ್ದು ಬೊಗೋಟಾ ನಗರದ ಹತ್ತಿರದ ರೋಮಿಯೋ ಎಂಬ ಬೇರೊಂದು ದೀಪ. ವಿಮಾನ ವಿಧೇಯತೆಯಿಂದ ಎಡಕ್ಕೆ ತಿರುಗಿ ಬೆಟ್ಟಗಳ ಕಡೆಗೆ ಹೊರಟಿತು. ತಪ್ಪು ತಿಳಿದು ಹಿಂದಿರುಗುವುದರೊಳಗೆ ಬೆಟ್ಟ ಅಡ್ಡ ಬಂತು. 159 ಮಂದಿ ಅಳಿದರು. ಎರಡು ಕಡೆಗಳಲ್ಲಿಯೂ ಯಂತ್ರ ಸುಳ್ಳು ಹೇಳಲಿಲ್ಲ; ಹೇಳಿದ್ದನ್ನು ಹೇಳಿದಂತೆಯೇ ಮಾಡಿತು. ಪ್ರಶ್ನಿಸದ ಸೇವಕನು ಕೆಲವು ವೇಳೆ ದ್ರೋಹಿಗಿಂತ ಹೆಚ್ಚು ಅಪಾಯಕಾರಿ.

ಹಳೆಯದಾದ ನಕ್ಷೆಯೂ ಇದೇ ಜಾತಿಗೆ ಸೇರಿದ್ದು. ಈ ಮಾತನ್ನು ಕಲಾದಗಿಯ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೂರೈವತ್ತು ವರ್ಷಗಳ ಹಿಂದಿನ ನಕ್ಷೆಯನ್ನು ತೆರೆದರೆ ಕಲಾದಗಿ ಒಂದು ಜಿಲ್ಲೆಯ ಮುಖ್ಯ ಪಟ್ಟಣ. ಆಮೇಲಿನ ನಕ್ಷೆಗಳಲ್ಲಿ ಆ ಪಟ್ಟ ವಿಜಾಪುರಕ್ಕೆ ಹೋಯಿತು. 1997ರ ಮೇಲಿನ ನಕ್ಷೆಯಲ್ಲಿ ಬಾಗಲಕೋಟೆಯೇ ಒಂದು ಜಿಲ್ಲೆ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಏರುವುದಕ್ಕೆ ಮುಂಚಿನ ನಕ್ಷೆಯಲ್ಲಿ ಹಳೆಯ ಬಾಗಲಕೋಟೆಯ ಓಣಿಗಳೂ ಮನೆಗಳೂ ಇದ್ದಲ್ಲಿ ಇಂದು ಎಷ್ಟೋ ಕಡೆ ನೀರು ನಿಂತಿದೆ. ಜನ ನವನಗರಕ್ಕೆ ಬಂದು ನೆಲಸಿದ್ದಾರೆ. ಆ ನಕ್ಷೆಯನ್ನು ಬರೆದವನು ಸುಳ್ಳುಗಾರನಲ್ಲ. ಅವನು ಬರೆದಾಗ ಅದು ನಿಜವಾಗಿತ್ತು. ನಿಜಕ್ಕೂ ವಯಸ್ಸಾಗುತ್ತದೆ ಎಂಬುದನ್ನು ಬಲ್ಲ ವಿಮಾನಸಂಸ್ಥೆಗಳು ತಮ್ಮ ಗಣಕಯಂತ್ರದ ದಾರಿಪಟ್ಟಿಯನ್ನು ಪ್ರಪಂಚದಾದ್ಯಂತ 28 ದಿನಗಳಿಗೊಮ್ಮೆ ಹೊಸದು ಮಾಡುತ್ತವೆ. ಹೊರಡುವ ಮುನ್ನ ಚಾಲಕರು ಆ ಪಟ್ಟಿಯ ತಾರೀಖನ್ನು ನೋಡಿ, ದಾರಿಯ ತಿರುವುಗಳನ್ನು ಒಬ್ಬರು ಕಾಗದದಿಂದ ಓದುತ್ತ ಇನ್ನೊಬ್ಬರು ಫಲಕದಲ್ಲಿ ಹುಡುಕುತ್ತ ತಾಳೆ ನೋಡುತ್ತಾರೆ.

ಮೂರನೆಯ ಬಗೆ ಎಲ್ಲಕ್ಕಿಂತ ಹೊಸದು. ಇಲ್ಲಿ ಉಪಕರಣವೂ ಕೆಟ್ಟಿಲ್ಲ, ಚಾಲಕನ ಕೈಯೂ ತಪ್ಪಿಲ್ಲ. ಹೊರಗಿನವನೊಬ್ಬನು ಬೇಕೆಂದೇ ಸುಳ್ಳು ಹೇಳುತ್ತಿದ್ದಾನೆ. ಉಪಗ್ರಹದಿಂದ ಬರುವ ದನಿ ಬಹಳ ಕ್ಷೀಣವಾದುದು. ನೆಲದ ಮೇಲಿನ ಯಂತ್ರವೊಂದರಿಂದ ಅದೇ ಧಾಟಿಯ ದನಿಯನ್ನು ಜೋರಾಗಿ ಹೊರಡಿಸಿದರೆ, ವಿಮಾನದ ಗ್ರಾಹಕಯಂತ್ರವು ನಿಜವನ್ನು ಬಿಟ್ಟು ನಕಲಿಯ ಹಿಂದೆ ಹೋಗುತ್ತದೆ. ಯುದ್ಧ ನಡೆಯುವ ಸೀಮೆಗಳಲ್ಲಿ ಶತ್ರುವಿನ ಅಸ್ತ್ರಗಳನ್ನು ದಾರಿ ತಪ್ಪಿಸಲು ಹೂಡಿದ ಈ ತಂತ್ರಕ್ಕೆ ಪ್ರಯಾಣಿಕ ವಿಮಾನಗಳೂ ಸಿಕ್ಕಿಬೀಳುತ್ತಿವೆ. 2023ರ ಸೆಪ್ಟೆಂಬರಿನಲ್ಲಿ ಇರಾಕಿನ ಆಕಾಶದಲ್ಲಿ ಹಲವು ವಿಮಾನಗಳ ಫಲಕಗಳು ಇದ್ದಕ್ಕಿದ್ದಂತೆ ಬೇರೊಂದು ಊರನ್ನು ತೋರಿಸತೊಡಗಿದವು. ಒಂದು ಚಿಕ್ಕ ವಿಮಾನ ಅಪ್ಪಣೆಯಿಲ್ಲದೆ ಇರಾನಿನ ಗಡಿಯನ್ನು ಹೊಗುವುದರಲ್ಲಿತ್ತು. ಅದೇ ವರುಷದ ನವೆಂಬರಿನಲ್ಲಿ ಭಾರತದ ನಾಗರಿಕ ವಿಮಾನಯಾನದ ನಿರ್ದೇಶನಾಲಯವು ಈ ವಿಷಯದಲ್ಲಿ ಎಚ್ಚರಿಕೆಯ ಸುತ್ತೋಲೆಯನ್ನು ಹೊರಡಿಸಿತು. ಅಲ್ಲಿಂದ 2025ರ ಫೆಬ್ರವರಿಯವರೆಗೆ ಭಾರತದ ಗಡಿಸೀಮೆಯಲ್ಲಿ, ಹೆಚ್ಚಾಗಿ ಅಮೃತಸರ ಜಮ್ಮುಗಳ ಕಡೆಯಲ್ಲಿ, ಇಂತಹ 465 ಪ್ರಸಂಗಗಳು ವರದಿಯಾದುವೆಂದು ಸರಕಾರವು ಲೋಕಸಭೆಯಲ್ಲಿ ತಿಳಿಸಿತು. 2025ರ ನವೆಂಬರಿನಲ್ಲಿ ದೆಹಲಿಯ ಮೇಲೆಯೇ ವಿಮಾನಗಳಿಗೆ ಈ ಅನುಭವವಾಯಿತು. ಮರುತಿಂಗಳು ಸಂಸತ್ತಿನಲ್ಲಿ ಸರಕಾರ ಹೇಳಿದ ಊರುಗಳ ಪಟ್ಟಿಯಲ್ಲಿ ಬೆಂಗಳೂರಿನ ಹೆಸರೂ ಇತ್ತು.

ಇಂತಹ ಹೊತ್ತಿನಲ್ಲಿ ಕೋಣೆಯೊಳಗೆ ಏನಾಗುತ್ತದೆ? ಮೊದಲು ಏನೋ ಒಂದು ಸಣ್ಣದು ತಪ್ಪುತ್ತದೆ. ಗಡಿಯಾರ ಹಠಾತ್ತನೆ ಗಂಟೆಗಳಷ್ಟು ಹಿಂದಕ್ಕೋ ಮುಂದಕ್ಕೋ ನೆಗೆಯುತ್ತದೆ. ಫಲಕದ ಮೂಲೆಯಲ್ಲಿ, ಸ್ಥಾನಗಳು ಒಂದಕ್ಕೊಂದು ಹೊಂದುತ್ತಿಲ್ಲವೆಂಬ ಒಂದು ಸಾಲು ಮೂಡುತ್ತದೆ. ಗಾಳಿ ಇಲ್ಲದ ಕಡೆ ಭಾರಿ ಗಾಳಿಯಿದೆಯೆಂದು ಲೆಕ್ಕ ಬರುತ್ತದೆ. ಒಮ್ಮೊಮ್ಮೆ ಮೂವತ್ತು ಸಾವಿರ ಅಡಿಗಳ ಎತ್ತರದಲ್ಲಿ, ಕೆಳಗೆ ಸಮತಟ್ಟಾದ ಬಯಲಿರುವಾಗ, ಎದುರಿಗೆ ನೆಲವಿದೆ, ಮೇಲಕ್ಕೇರು ಎಂದು ಯಂತ್ರವು ಗಟ್ಟಿಯಾಗಿ ಕೂಗುತ್ತದೆ. ಅನುಭವಿಯಾದ ಚಾಲಕನು ಆಗ ಗಡಿಬಿಡಿ ಮಾಡುವುದಿಲ್ಲ. ಅವನಿಗೆ ಕಲಿಸಿದ ಕ್ರಮ ಹಳೆಯದು: ಮೊದಲು ವಿಮಾನವನ್ನು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತನಾಡು. ವಿಮಾನದ ನಿಲುವು, ವೇಗ, ಎತ್ತರ ನೆಟ್ಟಗಿವೆಯೆಂದು ಖಚಿತಪಡಿಸಿಕೊಂಡು, ಉಪಗ್ರಹದ ಮಾತನ್ನು ಗಣಕಯಂತ್ರದ ಲೆಕ್ಕದಿಂದ ಹೊರಕ್ಕೆ ತೆಗೆಯುತ್ತಾನೆ. ಒಡಲೊಳಗಿನ ಜಡತ್ವಯಂತ್ರ ಏನು ಹೇಳುತ್ತದೆಂದು ನೋಡುತ್ತಾನೆ. ಅದನ್ನು ನೆಲದ ರೇಡಿಯೋ ದೀಪದ ದಿಕ್ಕು ದೂರಗಳೊಡನೆ ಹೋಲಿಸುತ್ತಾನೆ. ಬಳಿಕ ನೆಲದ ನಿಯಂತ್ರಣಾಧಿಕಾರಿಯನ್ನು ಕರೆದು, ತನ್ನ ಸ್ಥಾನದ ವಿಷಯದಲ್ಲಿ ಸಂದೇಹವಿದೆ, ರೇಡಾರಿನಲ್ಲಿ ನೋಡಿ ದಿಕ್ಕು ಹೇಳಿ ಎಂದು ಕೇಳುತ್ತಾನೆ. ಹೀಗೆ ಕೇಳುವುದರಲ್ಲಿ ನಾಚಿಕೆಯಿಲ್ಲ ಎಂಬುದನ್ನು ಅರಿಯಲು ವಿಮಾನಲೋಕಕ್ಕೆ ಬಹಳ ವರ್ಷಗಳು ಹಿಡಿದುವು.

ಸುಳ್ಳಿನ ಎರಡನೆಯ ಕೇಡು ಇನ್ನೂ ಸೂಕ್ಷ್ಮವಾದುದು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಹತ್ತು ಸಲ ಸುಳ್ಳಾಗಿ ಕೂಗಿದ ಎಚ್ಚರಿಕೆ ಹನ್ನೊಂದನೆಯ ಸಲ ನಿಜವಾಗಿರಬಹುದು. ಆದುದರಿಂದ ಚಾಲಕನು ಸುಳ್ಳನ್ನು ಗುರುತಿಸಿದರಷ್ಟೇ ಸಾಲದು. ಸುಳ್ಳಿಗೆ ಒಗ್ಗಿಹೋಗದಂತೆಯೂ ಮನಸ್ಸನ್ನು ಕಾಯ್ದುಕೊಳ್ಳಬೇಕು. ಸಂದೇಹಿಸುವ ಶಕ್ತಿಯನ್ನೂ ನಂಬುವ ಶಕ್ತಿಯನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಯೋಗಿಗಳಿಗೂ ಕಷ್ಟವಾದ ಸಾಧನೆ. ತಿಂಗಳ ಸಂಬಳಕ್ಕೆ ದುಡಿಯುವ ಒಬ್ಬ ಗೃಹಸ್ಥನಿಂದ ಲೋಕವು ಅದನ್ನು ದಿನವೂ ನಿರೀಕ್ಷಿಸುತ್ತದೆ.

ವಿಜ್ಞಾನಿಗಳೇನೂ ಕೈಕಟ್ಟಿ ಕುಳಿತಿಲ್ಲ. ಭಾರತದ ಬಾಹ್ಯಾಕಾಶ ಸಂಶೋಧನ ಸಂಸ್ಥೆಯೂ ವಿಮಾನ ನಿಲ್ದಾಣ ಪ್ರಾಧಿಕಾರವೂ ಕೂಡಿ ಗಗನ್ ಎಂಬ ವ್ಯವಸ್ಥೆಯನ್ನು ಕಟ್ಟಿವೆ. ಅದರ ಮುಖ್ಯ ನಿಯಂತ್ರಣಕೇಂದ್ರ ಬೆಂಗಳೂರಿನಲ್ಲಿದೆ. ತಮ್ಮ ಸ್ಥಳವನ್ನು ಕರಾರುವಾಕ್ಕಾಗಿ ಬಲ್ಲ ನೆಲದ ಠಾಣೆಗಳು ಜಿ.ಪಿ.ಎಸ್. ಹೇಳಿದ್ದನ್ನು ತಮಗೆ ಗೊತ್ತಿದ್ದುದರೊಡನೆ ಹೋಲಿಸಿ, ವ್ಯತ್ಯಾಸವನ್ನು ಲೆಕ್ಕ ಹಾಕುತ್ತವೆ. ಆ ತಿದ್ದುಪಡಿಯೂ, ಇಂಥ ಉಪಗ್ರಹವನ್ನು ಈಗ ನಂಬಬೇಡಿ ಎಂಬ ಎಚ್ಚರಿಕೆಯೂ ಕೆಲವೇ ಸೆಕೆಂಡುಗಳಲ್ಲಿ ವಿಮಾನಕ್ಕೆ ತಲುಪುತ್ತವೆ. 2015ರಲ್ಲಿ ಈ ವ್ಯವಸ್ಥೆಗೆ ವಿಮಾನಗಳನ್ನು ಇಳಿದಾಣದ ಕಡೆಗೆ ಇಳಿಸಿ ತರುವ ಕೆಲಸಕ್ಕೂ ಮನ್ನಣೆ ದೊರೆಯಿತು; 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಯಾಣಿಕ ಸಂಸ್ಥೆಯೊಂದರ ವಿಮಾನ ಅದರ ನೆರವಿನಿಂದ ಇಳಿಯಿತು. ಆದರೂ ಉಪಗ್ರಹಗಳ ತಪ್ಪನ್ನು ತಿದ್ದುವ ಗಗನ್, ವಿಮಾನದ ಹತ್ತಿರದಲ್ಲಿ ನಿಂತು ಕೂಗುವ ವಂಚಕನ ಬಾಯಿಯನ್ನು ಮುಚ್ಚಲಾರದು. ಆದುದರಿಂದಲೇ ಹಳೆಯ ರೇಡಿಯೋ ದೀಪಗಳನ್ನೆಲ್ಲ ಕಿತ್ತುಹಾಕದೆ, ಆಪತ್ಕಾಲಕ್ಕೆಂದು ಸಾಕಷ್ಟನ್ನು ನೆಲದ ಮೇಲೆ ಉಳಿಸಿಕೊಂಡಿದ್ದಾರೆ. ಹೊಸ ಬಾವಿ ತೋಡಿದವನು ಹಳೆಯ ಬಾವಿಯನ್ನು ಮುಚ್ಚದಿರುವಂತೆ ಇದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಎರಡು ಸಾಕ್ಷಿಗಳಿದ್ದರೆ ಸಾಲದು. ಅವು ಬೇರೆ ಬೇರೆ ಮನೆಯವಾಗಿರಬೇಕು. ಒಂದೇ ಉಪಗ್ರಹದ ಮಾತನ್ನು ಕೇಳಿದ ಎರಡು ಫಲಕಗಳು ಒಂದನ್ನೊಂದು ಸಮರ್ಥಿಸಿದರೆ ಅದು ಸಾಕ್ಷಿಯಲ್ಲ, ಪ್ರತಿಧ್ವನಿ. ಈ ವಿವೇಕ ಕಲಾದಗಿಯ ಸೀಮೆಗೆ ಹೊಸದಲ್ಲ. ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುತಿಯ ಗುಡಿಯ ಗೋಡೆಯ ಮೇಲೆ, ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿಯು ಬರೆಸಿದ ಶಾಸನವಿದೆ. ಆ ಗುಡಿ ಕಟ್ಟಿದ ಕಾಲವನ್ನು ಅವನು ಒಂದು ಲೆಕ್ಕದಲ್ಲಿ ಹೇಳಿ ಸುಮ್ಮನಾಗಲಿಲ್ಲ. ಭಾರತಯುದ್ಧ ಕಳೆದು 3735 ವರ್ಷಗಳೆಂದು ಒಂದು ಲೆಕ್ಕ, ಶಕರಾಜರ ಕಾಲದ 556 ವರ್ಷಗಳೆಂದು ಇನ್ನೊಂದು ಲೆಕ್ಕ. ಎರಡನ್ನೂ ಕಲ್ಲಿನಲ್ಲಿ ಕೊರೆಯಿಸಿದನು. ಒಂದನ್ನು ಹಿಡಿದು ಎಣಿಸಿದರೂ ಇನ್ನೊಂದನ್ನು ಹಿಡಿದು ಎಣಿಸಿದರೂ ಕ್ರಿಸ್ತಶಕ 634ಕ್ಕೇ ಬಂದು ನಿಲ್ಲುತ್ತದೆ. ಹದಿಮೂರು ಶತಮಾನಗಳಾಚೆಯ ಓದುಗನು ಆ ಕಾಲವನ್ನು ಧೈರ್ಯದಿಂದ ಹೇಳುವುದು ಈ ಎರಡು ಎಣಿಕೆಗಳು ಒಂದೆಡೆ ಕೂಡಿದ್ದರಿಂದ.

ಇಳಕಲ್ಲಿನ ನೇಕಾರನ ಮನೆಯಲ್ಲಿಯೂ ಇದೇ ಪಾಠವಿದೆ. ಅಲ್ಲಿಯ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ನಡುವೆ ಒಂದು ಎಳೆ ಜಿಗಿದರೆ ಅದರ ಮುಂದಿನ ಎಳೆಗಳೆಲ್ಲ ತಮ್ಮ ಜೊತೆಯನ್ನು ಬಿಟ್ಟು ಪಕ್ಕದ್ದನ್ನು ಹಿಡಿಯುತ್ತವೆ. ಪ್ರತಿಯೊಂದು ಕೊಂಡಿಯೂ ಗಟ್ಟಿಯಾಗಿಯೇ ಇರುತ್ತದೆ. ಆದರೂ ಸಾಲು ತಪ್ಪಿರುತ್ತದೆ. ಇಂಥ ತಪ್ಪು ಕಣ್ಣಿಗೆ ಕಾಣುವುದಕ್ಕಿಂತ ಮುಂಚೆ ಬೆರಳಿಗೆ ತಿಳಿಯಬೇಕು, ಬೆರಳಿಗೆ ತಿಳಿಯದಿದ್ದರೆ ಮಗ್ಗುಲಲ್ಲಿ ಕುಳಿತವರು ಹೇಳಬೇಕು. ಸೀರೆಯಲ್ಲಾದರೆ ಬಿಚ್ಚಿ ಮತ್ತೆ ಕೂಡಿಸಬಹುದು. ಆಕಾಶದಲ್ಲಿ ಬಿಚ್ಚಿ ಕೂಡಿಸುವುದಕ್ಕೆ ಹೊತ್ತು ಕಡಿಮೆ.

ಆದುದರಿಂದ ಮಗ್ಗುಲಲ್ಲಿ ಕುಳಿತವರ ಮಾತಿಗೆ ವಿಮಾನದಲ್ಲಿ ಅಷ್ಟು ಬೆಲೆ. ಒಂದು ಕಾಲಕ್ಕೆ ಕಪ್ತಾನನೆಂದರೆ ಹಡಗಿನ ಒಡೆಯ. ಅವನ ತಪ್ಪನ್ನು ಕಿರಿಯನು ಎತ್ತಿ ಆಡುವುದು ಅವಿಧೇಯತೆಯೆಂಬ ಭಾವನೆ ಎಲ್ಲ ದೇಶಗಳಲ್ಲಿಯೂ ಇತ್ತು. 1970ರ ದಶಕದ ದುರಂತಗಳನ್ನು ಕೂಲಂಕಷವಾಗಿ ಪರಿಶೀಲಿಸಿದವರು, ಎಷ್ಟೋ ಕಡೆ ಸತ್ಯವನ್ನು ಕಂಡವನೊಬ್ಬನು ಕೋಣೆಯಲ್ಲಿಯೇ ಇದ್ದನು, ಅವನ ಮಾತು ಮಾತ್ರ ಮೆತ್ತಗಾಯಿತು ಅಥವಾ ತಡವಾಯಿತು ಎಂಬುದನ್ನು ಕಂಡುಕೊಂಡರು. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಈ ವಿಷಯದ ವಿಚಾರಗೋಷ್ಠಿಯೊಂದನ್ನು ನಡೆಸಿತು. ಅಲ್ಲಿಂದ ಮುಂದೆ ಕಿರಿಯನಿಗೆ ಗಟ್ಟಿಯಾಗಿ ಹೇಳುವುದನ್ನೂ ಹಿರಿಯನಿಗೆ ಸಾವಧಾನವಾಗಿ ಕೇಳುವುದನ್ನೂ ಒಂದು ವಿದ್ಯೆಯಾಗಿಯೇ ಕಲಿಸತೊಡಗಿದರು. ಇಂದು ಆ ಶಿಕ್ಷಣವಿಲ್ಲದೆ ಯಾರೂ ಪ್ರಯಾಣಿಕ ವಿಮಾನದ ಚಾಲಕರಾಗಲಾರರು. ಹಿರಿಯರೆದುರಿಗೆ ಬಾಯಿ ತೆರೆಯದಿರುವುದೇ ಮರ್ಯಾದೆಯೆಂದು ಬೆಳೆದ ಮನೆಗಳಿಂದ ಬಂದ ತರುಣರಿಗೆ ಈ ಪಾಠ ಉಪಕರಣಗಳ ಪಾಠಕ್ಕಿಂತ ಕಠಿನವಾದುದು. ಹಿರಿಯರಿಗೆ ಅದು ಇನ್ನೂ ಕಠಿನವಾದುದು.

ಗಾಜಿನ ಫಲಕ ಇನ್ನೂ ಚೆನ್ನಾಗಬಹುದು, ಉಪಗ್ರಹಗಳು ಹೆಚ್ಚಬಹುದು, ನಕಲಿ ದನಿಯನ್ನು ಹಿಡಿಯುವ ಯಂತ್ರಗಳೂ ಬರಬಹುದು. ಆದರೆ ಯಾವ ಫಲಕವೂ ತಾನೇ ತನ್ನನ್ನು ಪೂರ್ತಿಯಾಗಿ ಸಂದೇಹಿಸಲಾರದು. ಆ ಕೆಲಸ ಮನುಷ್ಯನಿಗೇ ಉಳಿಯಿತು. ಮೋಡದ ಮೇಲೆ ಮುನ್ನೂರು ಜನ ಕಣ್ಣು ಮುಚ್ಚಿ ನಿದ್ರಿಸುತ್ತಾರೆ. ಅವರಿಗೆ ಫಲಕದ ಹೆಸರೂ ತಿಳಿಯದು, ಗೆರೆಯ ಬಣ್ಣವೂ ತಿಳಿಯದು. ಅವರ ನಿದ್ರೆಯನ್ನು ಕಾಯುವುದು ಮುಂದಿನ ಕೋಣೆಯ ಕತ್ತಲೆಯಲ್ಲಿ ಒಬ್ಬ ಕಿರಿಯನು ಹಿರಿಯನಿಗೆ, ನಿಮ್ಮದು ತಪ್ಪು ತೋರಿಸುತ್ತಿದೆ, ನನ್ನದನ್ನೂ ನಡುವಿನದನ್ನೂ ಒಮ್ಮೆ ನೋಡಿ ಎಂದು ಅಂಜದೆ ಹೇಳುವ ಮಾತು. ಮತ್ತು ಆ ಮಾತು ಮುಗಿಯುವುದರೊಳಗೆ ಆ ಕಡೆಗೆ ಹೊರಳುವ ಹಿರಿಯನ ಕಣ್ಣು.